ಅಪ್‌ಡೇಟ್: ಬಂದರಿನ ಆ ಮಕ್ಕಳಿಗೆ ಜಾಗ ಸಿಕ್ಕಿತು

ಕಾರವಾರದ ಬೈತಖೋಲ ಬಂದರಿನ ಹತ್ತಿರ ತಾಡಪತ್ರಿಯಡಿ ಇರುವ ಕುಟುಂಬದ ಬಗ್ಗೆ ಕೇಳಿದ್ದೆ. ತಾಯಿ ಮೀನು ವಿಂಗಡಿಸಲು ಹೋದಾಗ ಮಕ್ಕಳನ್ನು ಎಲ್ಲಿ ಬಿಡುವುದು ಅಂತ. ಅಂಗನವಾಡಿ ಅಂದವರಿಗೆ ಥ್ಯಾಂಕ್ಸ್. ನಾಲ್ಕು ವರ್ಷದವಳು ಹೋಗುತ್ತಿದ್ದಾಳೆ, ಮಧ್ಯಾಹ್ನದ ಊಟ ಅಲ್ಲೇ.

ಕಷ್ಟ ಆದದ್ದು ಚಿಕ್ಕವನದು. 3 ವರ್ಷದೊಳಗಿನವರಿಗೆ ಅಂಗನವಾಡಿ ಕೊಡುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಒಲೆಯೇ ಇಲ್ಲದವರು ಅದನ್ನು ಬೇಯಿಸುವುದೆಲ್ಲಿ, ಅಲ್ವಾ? ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಸರ್ಕಾರದ ‘ಕೂಸಿನ ಮನೆ’ ಇರುವುದು ಗ್ರಾಮ ಪಂಚಾಯಿತಿಗಳಲ್ಲಿ, ಇದು ನಗರಸಭೆ ವ್ಯಾಪ್ತಿ. ಕೊನೆಗೆ ಒಂದು ಟ್ರಸ್ಟಿನವರು ನಡೆಸುವ ಶಿಶುಪಾಲನಾ ಕೇಂದ್ರ ಅವನನ್ನು ಸೇರಿಸಿಕೊಳ್ಳಲು ಒಪ್ಪಿತು. ಫೀ ಇಲ್ಲ, ವಿಳಾಸದ ದಾಖಲೆಯನ್ನೂ ಕೇಳಲಿಲ್ಲ. ಹೋದ ಕೂಡಲೇ ಸ್ನಾನ, ಆಮೇಲೆ ಗಂಜಿ. ತೊಟ್ಟಿಲು ಬೇಡವಂತೆ, ಚಾಪೆಯೇ ಆಗಬೇಕಂತೆ ಅವನಿಗೆ.

ಈಗ ಸಮಯದ ತಕರಾರು. ಬೋಟು ನಸುಕಿಗೇ ಬರುತ್ತದೆ, ಕೇಂದ್ರ ತೆರೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಚಹಾ ಅಂಗಡಿಯ ಅಕ್ಕ ನೋಡಿಕೊಳ್ಳುತ್ತಾರೆ.