‘ಅಮೋನಿಯಾ ಸ್ಲಿಪ್’ಗೆ ‘ಸೋರಿಕೆ’ ಸರಿಯಾ?

ಗೆಳೆಯರೇ,

ಡೀಸೆಲ್ ಬದಲು ಅಮೋನಿಯಾ ಉರಿಸುವ ಹಡಗಿನ ಎಂಜಿನ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ‘ಅಮೋನಿಯಾ ಸ್ಲಿಪ್’ ಅನ್ನುವಲ್ಲಿ ಸಿಕ್ಕಿಕೊಂಡೆ. ಸಿಲಿಂಡರಿಗೆ ಹೋದ ಅಮೋನಿಯಾದಲ್ಲಿ ಸ್ವಲ್ಪ ಭಾಗ ಉರಿಯದೆ, ಹಾಗೇ ಹೊಗೆಯ ಜೊತೆ ಹೊರಬೀಳುತ್ತದೆ. ಅದಕ್ಕೆ ಈ ಹೆಸರು.

ಮೊದಲು ‘ಅಮೋನಿಯಾ ಸೋರಿಕೆ’ ಅಂತ ಬರೆದಿದ್ದೆ. ಓದಿದ ತಮ್ಮ, “ಪೈಪ್ ಒಡೀತಾ?” ಅಂದ. ಅವನದೇನು ತಪ್ಪು? ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಸೋರಿಕೆ ಅಂತ ಪೇಪರಿನಲ್ಲಿ ಓದಿ ಓದಿ ಆ ಮಾತಿಗೆ ಅದೇ ಅರ್ಥ ಕೂತುಬಿಟ್ಟಿದೆ. ಇಲ್ಲಿ ಏನೂ ಒಡೆದಿಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಆಗುವಂಥದ್ದು ಇದು.

ಅಮೋನಿಯಾ ಥೇಟ್ ಹಸಿ ಸೌದೆ. ತಾನಾಗಿ ಹೊತ್ತಿಕೊಳ್ಳೋಕೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ಬೇಕು. ಡೀಸೆಲ್‌ಗೆ 250ರ ಆಸುಪಾಸು ಸಾಕು. ಉರಿ ಹರಡುವುದೂ ನಿಧಾನ, ಹಾಗಾಗಿ ಸಂದುಗೊಂದಿನಲ್ಲಿ ಕೂತದ್ದನ್ನು ಅದು ಮುಟ್ಟುವುದೇ ಇಲ್ಲ. 1943ರಲ್ಲಿ ಬೆಲ್ಜಿಯಂನವರು ಡೀಸೆಲ್ ಸಿಗದೆ ಅಮೋನಿಯಾದಲ್ಲಿ ಬಸ್ ಓಡಿಸಿದಾಗಲೂ ಜೊತೆಗೆ ಕಲ್ಲಿದ್ದಲಿನ ಗ್ಯಾಸ್ ಬೆರೆಸಿದ್ದರು. ಈಗ ಹಡಗಿನಲ್ಲಿ ಒಂದಿಷ್ಟು ಡೀಸೆಲ್ ಚಿಮ್ಮಿಸಿ ಹೊತ್ತಿಸುತ್ತಾರೆ. ಮಳೆಗಾಲದಲ್ಲಿ ನಮ್ಮಜ್ಜಿ ಬಚ್ಚಲ ಒಲೆಗೆ ಸೀಮೆಎಣ್ಣೆ ಹನಿಸುತ್ತಿದ್ದ ಹಾಗೆ. ಈ ‘ಪೈಲಟ್ ಇಂಧನ’ಕ್ಕೆ ‘ಹೊತ್ತಿಸುವ ಇಂಧನ’ ಅಂದಿದ್ದೇನೆ. ಯಾರಾದರೂ ‘ಮಾರ್ಗದರ್ಶಿ ಇಂಧನ’ ಅಂದರೆ ಜಗಳಕ್ಕೆ ಬರುತ್ತೇನೆ!

ಸ್ಲಿಪ್‌ಗೆ ‘ಉರಿಯದ ಅಮೋನಿಯಾ’ ಅನ್ನೋಣ ಅಂದರೆ, ನಮ್ಮ ‘ಉರಿಯದ’ಕ್ಕೆ ಕಾಲವೇ ಇಲ್ಲ ನೋಡಿ. ಈ ಸಲ ಉರಿಯಲಿಲ್ಲವೋ, ಉರಿಯುವ ಗುಣವೇ ಇಲ್ಲವೋ ಗೊತ್ತಾಗುವುದಿಲ್ಲ. ‘ಜಾರಿಕೆ’ ಅಂದರೆ ಬಾಳೆಹಣ್ಣಿನ ಸಿಪ್ಪೆ ನೆನಪಾಗುತ್ತದೆ. ‘ನುಸುಳಿಕೆ’ ನನಗೆ ಇಷ್ಟವೇ. ಆದರೆ ಗಡಿ ಸುದ್ದಿಗಳಿಂದಾಗಿ ಅದು ಒಳಗೆ ನುಗ್ಗುವ ಮಾತಾಗಿಬಿಟ್ಟಿದೆ. ನಮ್ಮದು ಹೊರಗೆ ಹೋಗುವುದು. ‘ಉರಿ ತಪ್ಪಿದ ಅಮೋನಿಯಾ’ ಹೇಗೆ? ‘ಕೈ ತಪ್ಪಿದ’ ಇದ್ದ ಹಾಗೆ. ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ.

ಒಂದು ತೊಡಕು ಉಳಿದಿದೆ. ಬಿಎಸ್-6 ಲಾರಿಗೆ ಯೂರಿಯಾ ಹಾಕಿಸುತ್ತಾರಲ್ವಾ, ಅದು ಸೈಲೆನ್ಸರ್ ಕಡೆಯ ಬಿಸಿಗೆ ಅಮೋನಿಯಾ ಆಗಿ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ಮುರಿಯುತ್ತದೆ. ಕೆಲಸಕ್ಕೆ ಬಾರದೆ ಆಚೆ ಹೋಗುವ ಅಮೋನಿಯಾಕ್ಕೂ ‘ಸ್ಲಿಪ್’ ಅಂತಲೇ ಹೆಸರು. ಅಲ್ಲಿ ಅಮೋನಿಯಾವನ್ನು ಉರಿಸುವುದೇ ಇಲ್ಲ, ‘ಉರಿ ತಪ್ಪಿದ’ ಅನ್ನೋದು ಹೇಗೆ? ಎರಡಕ್ಕೂ ಹೊಂದುವ ಪದ ಯಾರಿಗಾದರೂ ಹೊಳೆಯುತ್ತಾ? ನಿಮ್ಮೂರಿನ ಲಾರಿ ಮೆಕ್ಯಾನಿಕ್‌ಗಳು ಇದಕ್ಕೆ ಏನಾದರೂ ಹೆಸರಿಟ್ಟಿದ್ದರೆ ಅದನ್ನೂ ಹೇಳಿ.