ರೆಕಾರ್ಡಿಂಗ್ ಮಾಡೋ ಕಂಪ್ಯೂಟರ್‌ಗೆ ಸಿಪಿಯು ಫ್ಯಾನ್ ಬೇಕೇ ಬೇಕಾ?

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು):

ಸರ್ ನಮಸ್ತೆ. ನಮ್ಮ ಅತ್ತೆಯವರಿಗೆ ಸೋಬಾನೆ ಪದ, ಬೀಸೋ ಕಲ್ಲಿನ ಪದ ಬಹಳ ಬರುತ್ತೆ. ವಯಸ್ಸು ಎಪ್ಪತ್ತು ದಾಟಿದೆ, ದನಿ ಗಟ್ಟಿಯಾಗಿರುವಾಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಅಂತ ಮನೆಯಲ್ಲೇ ಶುರು ಮಾಡಿದ್ದೇವೆ. ಒಂದು ಕಂಡೆನ್ಸರ್ ಮೈಕ್, ಅದನ್ನು ಕಂಪ್ಯೂಟರ್‌ಗೆ ಜೋಡಿಸೋ ಆಡಿಯೋ ಇಂಟರ್‌ಫೇಸ್ ತಗೊಂಡಿದ್ದೇವೆ. ಕಂಪ್ಯೂಟರ್ ಮಗನದ್ದು, ಅಸೆಂಬಲ್ ಮಾಡಿಸಿದ್ದು. ಐ5 12400 ಪ್ರೊಸೆಸರ್, ಅದರ ಜೊತೆ ಡಬ್ಬದಲ್ಲೇ ಬಂದ ಫ್ಯಾನ್, ಒಂದು ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ ಇರೋ ಎಸ್‌ಎಸ್‌ಡಿ, (ತಿರುಗೋ ಭಾಗ ಇಲ್ಲದ ಡಿಸ್ಕ್), ಜೊತೆಗೆ ಹಳೇ ಹಾರ್ಡ್ ಡಿಸ್ಕ್.

ತೊಂದರೆ ಏನಂದ್ರೆ, ಹಾಡಿನ ಸಾಲು ಮುಗಿಯುವಾಗ ಅವರ ದನಿ ಸಣ್ಣಗಾಗುತ್ತೆ ನೋಡಿ, ಆಗ ಹಿಂದೆ ಫ್ಯಾನ್ ಸದ್ದು ಸ್ಪಷ್ಟವಾಗಿ ಕೇಳಿಸುತ್ತೆ. ಒಂದೇ ಸಮ ಇದ್ದಿದ್ದರೆ ಹೇಗೋ ಸಹಿಸಬಹುದಿತ್ತು, ಅದು ಏರುತ್ತೆ, ಇಳಿಯುತ್ತೆ. ರೈಲು ಹೋಗುವಾಗ ನಿಲ್ಲಿಸಿ ಆಮೇಲೆ ಹಾಡಿಸ್ತೀವಿ, ಇದನ್ನ ನಿಲ್ಲಿಸೋದು ಹೇಗೆ? ಪರಿಚಯದವರೊಬ್ಬರು "ರೆಕಾರ್ಡಿಂಗ್ ಭಾರದ ಕೆಲಸ ಅಲ್ಲ, ಸಿಪಿಯು ಫ್ಯಾನ್ ವೈರ್ ಕಿತ್ತುಬಿಡಿ, ಏನೂ ಆಗಲ್ಲ" ಅಂದ್ರು. ಕೀಳಬಹುದಾ?

ಉತ್ತರ:

ದಯವಿಟ್ಟು ಕೀಳಬೇಡಿ ಮೇಡಂ. ಕಾರಣ ಆಮೇಲೆ ವಿವರವಾಗಿ ಬರೀತೀನಿ. ಅದಕ್ಕೆ ಮೊದಲು ಸದ್ದು ಯಾವುದರದ್ದು ಅಂತ ಗೊತ್ತಾಗಬೇಕು. ನಿಮ್ಮ ಕ್ಯಾಬಿನೆಟ್‌ನಲ್ಲಿ ಕನಿಷ್ಠ ನಾಲ್ಕು ಕಡೆ ಸದ್ದು ಹುಟ್ಟಬಹುದು: ಸಿಪಿಯು (ಅಂದ್ರೆ ಪ್ರೊಸೆಸರ್) ಫ್ಯಾನ್, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್, ಎಸ್‌ಎಂಪಿಎಸ್ (ಕರೆಂಟ್ ಪೂರೈಸೋ ಡಬ್ಬ) ಫ್ಯಾನ್, ಹಾರ್ಡ್ ಡಿಸ್ಕ್.

ಒಂದು ದಿನಪತ್ರಿಕೆ ಹಾಳೆಯನ್ನು ಕೊಳವೆ ಥರ ಸುತ್ತಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಒಂದೊಂದು ಭಾಗದ ಹತ್ತಿರ ಹಿಡೀರಿ. ರೆಕ್ಕೆಗೆ ತಾಗಿಸಬೇಡಿ. ಸದ್ದಿನ ಮೂಲ ಕಿವಿಗೇ ತಿಳಿಯುತ್ತೆ. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ.

ಕಂಪ್ಯೂಟರ್ ಎಲ್ಲಿಟ್ಟಿದ್ದೀರಿ, ಮೈಕ್ ಎಲ್ಲಿದೆ, ಅದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು:

ಕೊಳವೆ ಇಟ್ಟು ಕೇಳಿದೆ ಸರ್. ಏರಿ ಇಳಿಯೋದು ಸಿಪಿಯು ಫ್ಯಾನೇ. ಆದರೆ ಗ್ರಾಫಿಕ್ಸ್ ಕಾರ್ಡಿನ ಎರಡು ಸಣ್ಣ ಫ್ಯಾನೂ ಕೀಚು ದನಿ ಮಾಡ್ತಿವೆ. ಎಸ್‌ಎಂಪಿಎಸ್ ಪರವಾಗಿಲ್ಲ. ಹಾರ್ಡ್ ಡಿಸ್ಕ್ ಹತ್ತಿರ ಗುಂಯ್ ಅಂತ ಸಣ್ಣಗೆ ಬರುತ್ತೆ. ಕಂಪ್ಯೂಟರ್, ಮೈಕ್ ಎರಡೂ ಒಂದೇ ಮರದ ಮೇಜಿನ ಮೇಲಿವೆ. ಮೈಕ್‌ಗೆ ಮೇಜಿನ ಸ್ಟ್ಯಾಂಡ್.

ಉತ್ತರ:

ಸರಿ, ಈಗ ಮಾತಾಡಬಹುದು.

ಮೊದಲು ಫ್ಯಾನ್ ಯಾಕೆ ಬೇಕು ಅನ್ನೋದು. 12400 ಪ್ರೊಸೆಸರ್‌ನ ಮೂಲ ಲೆಕ್ಕ 65 ವ್ಯಾಟ್, ಟರ್ಬೋದಲ್ಲಿ (ಕೆಲಸ ಹೆಚ್ಚಾದಾಗ ತಾನೇ ವೇಗ ಏರಿಸಿಕೊಂಡಾಗ) 117 ವ್ಯಾಟ್‌ವರೆಗೂ ಎಳೆಯುತ್ತೆ. ಒಂದು ಮೈಕಿನ ರೆಕಾರ್ಡಿಂಗ್‌ಗೆ ಅದರ ಹತ್ತಿರಕ್ಕೂ ಹೋಗೋದಿಲ್ಲ, ಆ ಮಟ್ಟಿಗೆ ನಿಮ್ಮ ಪರಿಚಯದವರ ಮಾತು ನಿಜ. ಆದರೆ ಡಬ್ಬದ ಜೊತೆ ಬರೋ ಹೀಟ್ ಸಿಂಕ್ (ಪ್ರೊಸೆಸರ್ ಮೇಲೆ ಕೂತು ಶಾಖ ಎಳೆಯೋ ಲೋಹ) ಗಾಳಿ ಬೀಸ್ತಿರುತ್ತೆ ಅಂತ ನಂಬಿ ಮಾಡಿದ್ದು. ಅದರ ಅಲ್ಯೂಮಿನಿಯಂ ಎಲೆಗಳು ಗಿಡ್ಡ, ಒತ್ತೊತ್ತಾಗಿವೆ. ಫ್ಯಾನ್ ನಿಂತರೆ ಬಿಸಿ ಗಾಳಿ ಆ ಸಂದಿನಲ್ಲೇ ಕೂತುಬಿಡುತ್ತೆ. ಇನ್ನೊಂದು ವಿಷಯ ಬಹಳ ಜನ ಮರೀತಾರೆ: ಈ ಫ್ಯಾನ್ ಬೋರ್ಡಿನ ಕಡೆಗೆ ಕೆಳಮುಖವಾಗಿ ಬೀಸೋದರಿಂದ ಪ್ರೊಸೆಸರ್ ಸುತ್ತ ಇರೋ ಕರೆಂಟ್ ಭಾಗಗಳಿಗೂ ರ‍್ಯಾಮ್‌ಗೂ ಅದೇ ಗಾಳಿ. ಕಿತ್ತರೆ ಅವಕ್ಕೂ ಗಾಳಿ ಇಲ್ಲ.

ಸುಟ್ಟುಹೋಗುತ್ತಾ ಅಂದ್ರೆ, ಇಲ್ಲ. 100 ಡಿಗ್ರಿ ಮುಟ್ಟುವಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತೆ, ಅದೂ ಸಾಲದಿದ್ದರೆ ಯಂತ್ರ ಆಫ್ ಆಗುತ್ತೆ. ಆದರೆ ರೆಕಾರ್ಡಿಂಗ್ ಮಾಡುವವರಿಗೆ ಆ ವೇಗ ತಗ್ಗೋದೇ ಕಂಟಕ. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳೋ ದನಿಯ ತುಂಡು) ಇಟ್ಟಿದ್ದರೆ ಪ್ರತಿ ತುಂಡನ್ನೂ ಸುಮಾರು 5.3 ಮಿಲಿಸೆಕೆಂಡ್ ಒಳಗೆ ಕಂಪ್ಯೂಟರ್ ಮುಗಿಸಲೇಬೇಕು. ತಡವಾದರೆ ರೆಕಾರ್ಡಿಂಗ್‌ನಲ್ಲಿ ಟಕ್ ಅಂತ ಬೀಳುತ್ತೆ. ಅತ್ತೆಯವರು ಒಂದು ಪದವನ್ನು ಮನಸಿಟ್ಟು ಹಾಡಿ ಮುಗಿಸಿದ ಮೇಲೆ ನಡುವೆ ಆ ಟಕ್ ಕೇಳಿದರೆ ಹೊಟ್ಟೆ ಉರಿಯುತ್ತೆ. ಅದೇ ಪದವನ್ನು ಅದೇ ಭಾವದಲ್ಲಿ ಮತ್ತೆ ಹಾಡಿ ಅಂತ ಅವರನ್ನು ಕೇಳೋಕಾಗಲ್ಲ.

ಜೊತೆಗೆ ನಮ್ಮೂರಿನ ಬೇಸಿಗೆ. ಕೋಣೆ ಎಷ್ಟು ಡಿಗ್ರಿ ಏರುತ್ತೋ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. ಡಿಸೆಂಬರಿನಲ್ಲಿ ಆರಾಮವಾಗಿ ನಡೆದ ಯಂತ್ರ ಏಪ್ರಿಲ್‌ನಲ್ಲಿ 36, 37 ಡಿಗ್ರಿಯ ಮಧ್ಯಾಹ್ನ, ಅದೂ ನೀವು ಸದ್ದಿಗೆ ಹೆದರಿ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಕೂತಾಗ, ಬೇರೆಯೇ ಯಂತ್ರ.

ಈಗ ಸದ್ದಿನ ಕಡೆಗೆ. ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಗಾಳಿ ಅರ್ಧ ಆಗುತ್ತೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತೆ. 10 ಡೆಸಿಬಲ್ ಇಳಿದರೇ ಕಿವಿಗೆ ಅರ್ಧದಷ್ಟು ಅನಿಸುತ್ತೆ, ಇದು ಅದಕ್ಕಿಂತ ಹೆಚ್ಚು. ಗಾಳಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಸದ್ದಿನಲ್ಲಿ ಬಹಳ ಉಳಿತಾಯ. ಆದ್ದರಿಂದಲೇ ಫ್ಯಾನ್ ತೆಗೆಯೋದಕ್ಕಿಂತ ನಿಧಾನ ಮಾಡೋದು ಸರಿಯಾದ ದಾರಿ ಅಂತ ನಾನು ಎಲ್ಲರಿಗೂ ಹೇಳೋದು.

ಏರಿಳಿತ ಯಾಕೆ ಅಂದ್ರೆ, ಏನಾದರೂ ತೆರೆದ ಕೂಡಲೇ ಪ್ರೊಸೆಸರ್ ಟರ್ಬೋಗೆ ಹೋಗಿ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ಜಿಗಿಯುತ್ತೆ, ಫ್ಯಾನ್ ಅದರ ಬೆನ್ನು ಹತ್ತುತ್ತೆ. ಈ ಏರಿಳಿತವೇ ನಿಮ್ಮ ನಿಜವಾದ ಶತ್ರು. ಒಂದೇ ಸಮನಾದ ಸಣ್ಣ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ಆಮೇಲೆ ಚೆನ್ನಾಗಿ ತೆಗೆಯಬಹುದು, ಮೊದಲ ಎರಡು ಮೂರು ಸೆಕೆಂಡ್ ಖಾಲಿ ಕೋಣೆಯ ಮಾದರಿ ಕೊಟ್ಟರೆ ಸಾಕು. ಏರಿಳಿಯೋ ಸದ್ದಿಗೆ ಆ ಮಾದರಿ ಹೊಂದೋದೇ ಇಲ್ಲ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1800 ಸುತ್ತು ತಿರುಗಿದರೆ ಅದರ ಮುಖ್ಯ ಸ್ವರ 210 ಹರ್ಟ್ಸ್‌ನಲ್ಲಿರುತ್ತೆ, ಹೆಂಗಸರು ಮಾತಾಡೋ ದನಿಯ ಮೂಲ ಸ್ವರವೂ ಅಲ್ಲೇ ಸುತ್ತಾಡುತ್ತೆ. ಬೇಕಾದ ಸ್ವರ ಮಾತ್ರ ಏರಿಸಿ ಇಳಿಸೋ ಈಕ್ವಲೈಜರ್‌ನಿಂದ ಫ್ಯಾನ್ ಕತ್ತರಿಸೋಕೆ ಹೋದರೆ ದನಿಯ ಮೈಯೇ ಹೋಗುತ್ತೆ.

ನೀವು ಮಾಡಬೇಕಾದ್ದು. ಕಂಪ್ಯೂಟರನ್ನು ಮೇಜಿಂದ ಇಳಿಸಿ ನೆಲದ ಮೇಲೆ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಕೇಬಲ್ ಎಟುಕುವಷ್ಟು ದೂರ ಇಡಿ. ಇವತ್ತೇ ಮಾಡಿ, ದುಡ್ಡು ಖರ್ಚಿಲ್ಲ. ಹಾರ್ಡ್ ಡಿಸ್ಕ್ 7200 ಆರ್‌ಪಿಎಂದ್ದಾದರೆ ಅದರ ನಡುಕ 120 ಹರ್ಟ್ಸ್, ಮರದ ಮೇಜು ಅದನ್ನು ತಂಬೂರಿ ಬುರುಡೆ ಥರ ದೊಡ್ಡದು ಮಾಡಿ ಸ್ಟ್ಯಾಂಡಿನ ಮೂಲಕ ಮೈಕ್‌ಗೆ ಮುಟ್ಟಿಸ್ತಿದೆ. ಹಾಡೋ ದಿನ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಎಸ್‌ಎಸ್‌ಡಿಗೇ ರೆಕಾರ್ಡ್ ಮಾಡಿದರೂ ಆದೀತು, ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಬಿಚ್ಚಿ. ಮೈಕ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ ಬಗೆ) ಆಗಿದ್ದರೆ ಅದರ ಬೆನ್ನು ಕ್ಯಾಬಿನೆಟ್ ಕಡೆಗಿರಲಿ, ಹಿಂದಿನಿಂದ ಬರೋ ಸದ್ದನ್ನು ಅದು ತೀರಾ ಕಡಿಮೆ ಹಿಡಿಯುತ್ತೆ.

ಗ್ರಾಫಿಕ್ಸ್ ಕಾರ್ಡ್ ತೆಗೆದಿಡಿ. ಆಡಿಯೋ ಕೆಲಸಕ್ಕೆ ಅದು ಬೇಕಿಲ್ಲ, 12400ರಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಆದರೆ ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಅಕ್ಷರ ಇದ್ದರೆ ಒಳಗಿನ ಗ್ರಾಫಿಕ್ಸ್ ಇರೋದಿಲ್ಲ, ಆಗ ಕಾರ್ಡ್ ಮುಟ್ಟಬೇಡಿ. ತೆಗೆದ ಮೇಲೆ ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಹಾಕಿ, ಇಲ್ಲದಿದ್ದರೆ ಪರದೆ ಕಪ್ಪಗಿದೆ ಅಂತ ಗಾಬರಿ ಆಗ್ತೀರಿ.

ಮಗ ಆಟ ಆಡೋಕೆ ಕಾರ್ಡ್ ಬೇಕು ಅಂದ್ರೆ ಬರೀರಿ, ಅದಕ್ಕೂ ದಾರಿ ಇದೆ.

ಇನ್ನೊಬ್ಬರು (ಶಿರಾ):

ಅಣ್ಣ, ನನ್ನ ಹತ್ರ ಎನ್100 ಮಿನಿ ಪಿಸಿ ಐತೆ. ಫ್ಯಾನೇ ಇಲ್ಲ, ಸದ್ದು ಸೊನ್ನೆ. ಪ್ರವಚನ ರೆಕಾರ್ಡಿಂಗು, ಎಡಿಟಿಂಗು ಎಲ್ಲ ಅದರಲ್ಲೇ. ಫ್ಯಾನ್ ಬೇಕೇ ಬೇಕು ಅಂತೀರಲ್ಲ, ಇದು ಹೆಂಗೆ ನಡೀತೈತೆ?

ಉತ್ತರ:

ಒಳ್ಳೇ ಪ್ರಶ್ನೆ ತಮ್ಮ. ಎನ್100 ಇಂಟೆಲ್ 2023ರಲ್ಲಿ ಬಿಟ್ಟ ಚಿಪ್ಪು, ಅದರ ಲೆಕ್ಕ 6 ವ್ಯಾಟ್. ಅಷ್ಟು ಶಾಖ ಡಬ್ಬದ ಲೋಹದ ಮೈಯಿಂದಲೇ ಹೊರಗೆ ಹೋಗುತ್ತೆ. ಆಪಲ್‌ನವರ ಎಂ1 ಮ್ಯಾಕ್‌ಬುಕ್ ಏರ್ ಕೂಡ 2020ರಿಂದ ಫ್ಯಾನ್ ಇಲ್ಲದೆಯೇ ನಡೀತಿದೆ, ಹೆಚ್ಚು ಹೊತ್ತು ಭಾರ ಬಿದ್ದರೆ ವೇಗ ಇಳಿಸಿಕೊಳ್ಳುತ್ತೆ. ಫ್ಯಾನ್ ಬೇಕೋ ಬೇಡವೋ ಅನ್ನೋದನ್ನ ವ್ಯಾಟ್, ಹೀಟ್ ಸಿಂಕಿನ ಮೈ, ಕೋಣೆಯ ಬಿಸಿ ಈ ಮೂರು ಸೇರಿ ತೀರ್ಮಾನ ಮಾಡ್ತವೆ. ಒಬ್ಬರ ಪ್ರವಚನಕ್ಕೆ ನಿನ್ನ ಯಂತ್ರ ಸಾಕು. ಎಂಟು ಹತ್ತು ಟ್ರ್ಯಾಕ್, ಒಂದೊಂದಕ್ಕೂ ರಿವರ್ಬ್ (ಗುಂಗು), ನಾಯ್ಸ್ ತೆಗೆಯೋ ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಂ) ಅಂತ ಹಾಕಿದರೆ ಏದುಸಿರು ಬಿಡುತ್ತೆ. ಹೊಸದಾಗಿ ತಗೊಳ್ಳೋರು ಬರೀ ದನಿ ರೆಕಾರ್ಡ್ ಮಾಡೋದಾದರೆ ಅಂಥದ್ದನ್ನೇ ತಗೊಳ್ಳಲಿ ಅಂತ ನಾನೂ ಹೇಳ್ತೀನಿ. ಇವರ ಹತ್ತಿರ ಈಗಾಗಲೇ 12400 ಇದೆ, ಮತ್ತೆ ದುಡ್ಡು ಸುರಿಯೋದು ಬೇಡ.

ಇನ್ನೊಬ್ಬರು (ಮಧುಗಿರಿ):

ನಾನು ಹಾರ್ಮೋನಿಯಂ ಪಾಠ ಹೇಳುವವನು. ಫ್ಯಾನ್ ಇಲ್ಲದ ದೊಡ್ಡ ಹೀಟ್ ಸಿಂಕ್ ಸಿಗುತ್ತದಂತಲ್ಲ, ಅದನ್ನೇ ಹಾಕಿಸಿದರೆ? ಮತ್ತೆ ಕಂಪ್ಯೂಟರನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರೆ ಸದ್ದು ನಿಲ್ಲುವುದಿಲ್ಲವೇ?

ಉತ್ತರ:

ಮೇಷ್ಟ್ರೇ, ಬೀರು ಬೇಡ. ಹದಿನೈದು ಇಪ್ಪತ್ತು ನಿಮಿಷ ಸುಮ್ಮನಿರುತ್ತೆ, ಆಮೇಲೆ ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಂಡು ಫ್ಯಾನ್ ಪೂರ್ತಿ ವೇಗಕ್ಕೆ ಹೋಗುತ್ತೆ. ಪಕ್ಕದ ಕೋಣೆಯಲ್ಲಿಟ್ಟು ಕೇಬಲ್ ಮಾತ್ರ ತರೋದಾದರೆ ಅದಕ್ಕಿಂತ ಒಳ್ಳೇದಿಲ್ಲ. ಯುಎಸ್‌ಬಿ 2 ಕೇಬಲ್ 5 ಮೀಟರ್‌ವರೆಗೆ ನಡೆಯುತ್ತೆ.

ಫ್ಯಾನ್ ಇಲ್ಲದ ಹೀಟ್ ಸಿಂಕ್ ಇದೆ. ನಾಕ್ಟುವಾ ಕಂಪನಿ 2021ರಲ್ಲಿ ಎನ್‌ಎಚ್-ಪಿ1 ಅಂತ ಒಂದು ಬಿಟ್ಟಿದೆ. ತೂಕ ಒಂದು ಕಿಲೋ ದಾಟುತ್ತೆ. ಎಲೆಗಳ ನಡುವೆ ದೊಡ್ಡ ಸಂದಿ, ಬಿಸಿ ಗಾಳಿ ತಾನಾಗಿ ಮೇಲೇಳಲಿ ಅಂತ. ಅದಕ್ಕೆ ಮೇಲೆ ಕೆಳಗೆ ಜಾಲರಿ ಇರೋ ಕ್ಯಾಬಿನೆಟ್ ಬೇಕು, ಮುಚ್ಚಿದ ಡಬ್ಬದಲ್ಲಿ ಪ್ರಯೋಜನ ಇಲ್ಲ. ಅದಕ್ಕೆ ಕೊಡೋ ದುಡ್ಡಿಗಿಂತ ಬಹಳ ಕಡಿಮೆಗೆ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ (ಎತ್ತರದ ಹೀಟ್ ಸಿಂಕ್) ಬರುತ್ತೆ, ನಿಧಾನಕ್ಕೆ ತಿರುಗಿಸಿದರೆ ಕೋಣೆಯ ಸದ್ದಿನಲ್ಲಿ ಅದು ಮುಳುಗಿಹೋಗುತ್ತೆ. ರಸ್ತೆಯ ಲಾರಿ, ಪಕ್ಕದ ಮನೆ ಮಿಕ್ಸಿ ಇರೋ ನಮ್ಮ ಮನೆಗಳಲ್ಲಿ ಪೂರ್ತಿ ಸೊನ್ನೆ ಮಾಡಿಯೂ ದಕ್ಕೋದೇನಿಲ್ಲ.

ಅಂದ ಹಾಗೆ ಯುಪಿಎಸ್ ಎಲ್ಲಿಟ್ಟಿದ್ದೀರಿ? ಕರೆಂಟ್ ಹೋದಾಗ ಅದು ಗುಯ್‌ಗುಡೋದು ಎಷ್ಟೋ ರೆಕಾರ್ಡಿಂಗ್ ಕೆಡಿಸುತ್ತೆ. ಅದನ್ನೂ ಗೋಡೆಯಾಚೆ ಹಾಕಿ.

ಪ್ರಶ್ನೆ ಕೇಳಿದವರು:

ಸರ್, ನೆಲಕ್ಕಿಳಿಸಿದ್ದಕ್ಕೇ ಅರ್ಧ ಕಡಿಮೆ ಆಯ್ತು! ಗುಂಯ್ ಅನ್ನೋದು ಇಲ್ಲವೇ ಇಲ್ಲ. 'ಎಫ್' ಇಲ್ಲ, ಕಾರ್ಡ್ ತೆಗೆದಿಟ್ಟೆ, ಮಗನ ಒಪ್ಪಿಗೆ ಸಿಕ್ಕಿದೆ. ಸಿಪಿಯು ಫ್ಯಾನ್ ಏರಿಳಿತ ಮಾತ್ರ ಉಳಿದಿದೆ. ನಿಧಾನ ಮಾಡೋದು ಹೇಗೆ ಹೇಳಿ. ಫ್ಯಾನಿಗೆ ಹೊಲಿಗೆ ಮೆಷಿನ್ ಎಣ್ಣೆ ಬಿಡಬಹುದಾ?

ಉತ್ತರ:

ಎಣ್ಣೆ ಬೇಡ ಮೇಡಂ. ಕೆಲವು ದಿನ ಸುಮ್ಮನಿದ್ದು ಆಮೇಲೆ ಧೂಳು ಮೆತ್ತಿಕೊಂಡು ಇನ್ನೂ ಕರಕರ ಅನ್ನುತ್ತೆ. ಬೇರಿಂಗ್ ಹೋಗಿದ್ದರೆ ಫ್ಯಾನ್ ಬದಲಿಸೋದೊಂದೇ ದಾರಿ. ನಿಮ್ಮದು ಕರಕರ ಅಂತಿಲ್ಲ, ಹಾಗಾಗಿ ಮೊದಲು ಧೂಳು ನೋಡಿ. ಫ್ಯಾನ್ ಕೆಳಗೆ ಎಲೆಗಳ ಬಾಯಲ್ಲಿ ಧೂಳು ಕಂಬಳಿ ಥರ ಕಟ್ಟಿರುತ್ತೆ. ಪ್ಲಗ್ ಕಿತ್ತು, ಒಣ ಬ್ರಷ್‌ನಲ್ಲಿ ತೆಗೀರಿ. ಬ್ಲೋವರ್ ಹಿಡಿದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಪಂಕ್ಚರ್ ಅಂಗಡಿ ಕಂಪ್ರೆಸರ್‌ಗೆ ಒಯ್ಯಬೇಡಿ, ಅದರ ಗಾಳಿಯಲ್ಲಿ ನೀರಿನ ಹನಿ ಬರುತ್ತೆ.

ಆಮೇಲೆ ವಿಂಡೋಸ್‌ನಲ್ಲಿ ಪವರ್ ಆಪ್ಷನ್ಸ್ ಒಳಗೆ ಹೋಗಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರೋದನ್ನ 99 ಮಾಡಿ. ಟರ್ಬೋ ನಿಲ್ಲುತ್ತೆ, 4.4 ಗಿಗಾಹರ್ಟ್ಸ್‌ಗೆ ಜಿಗಿಯೋ ಬದಲು 2.5ರ ಆಸುಪಾಸಲ್ಲೇ ಇರುತ್ತೆ. ಒಂದು ಮೈಕ್ ರೆಕಾರ್ಡಿಂಗ್‌ಗೆ ಅದು ಧಾರಾಳ. ಆ ಆಯ್ಕೆ ಕಾಣದಿದ್ದರೆ ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗೋ ಮೊದಲು ತೆರೆಯೋ ಸೆಟ್ಟಿಂಗ್ ಪುಟಗಳು) ಟರ್ಬೋ ಆಫ್ ಮಾಡಬಹುದು.

ಬಯಾಸ್‌ನ ಫ್ಯಾನ್ ಪುಟದಲ್ಲಿ 70 ಡಿಗ್ರಿವರೆಗೂ ಒಂದೇ ಕಡಿಮೆ ವೇಗ ಕೊಡಿ, ಶೇಕಡಾ 30ರಿಂದ ಶುರು ಮಾಡಿ ಕಿವಿಗೊಟ್ಟು ನೋಡಿ. 70 ದಾಟಿದ ಮೇಲೆ ಏರಲಿ, 85ಕ್ಕೆ ಪೂರ್ತಿ ವೇಗ. ಹಾಡುವಾಗ ಯಂತ್ರಕ್ಕೆ ಭಾರ ಇರೋದಿಲ್ಲ. ಭಾರ ಬೀಳೋದು ಆಮೇಲೆ, ನೀವು ಪ್ಲಗಿನ್ ಹಾಕಿ ಮಿಕ್ಸ್ ಮಾಡುವಾಗ, ಆಗ ಮೈಕ್ ಆಫ್ ಆಗಿರುತ್ತೆ. ಫ್ಯಾನ್ ಎಷ್ಟು ಬೇಕಾದರೂ ಕೂಗಲಿ.

ಪ್ರಶ್ನೆ ಕೇಳಿದವರು:

ಆಯ್ತು ಸರ್, ಇವತ್ತು ಸಂಜೆ ಮಾಡ್ತೀನಿ. ಹಾಡುವಾಗ ಎಷ್ಟು ಡಿಗ್ರಿ ತೋರಿಸಿದರೆ ಭಯ ಪಡಬೇಕು?

ಉತ್ತರ:

60, 65 ತೋರಿಸಿದರೆ ನಿಶ್ಚಿಂತೆ. 75 ಆದರೂ ಪ್ರೊಸೆಸರ್‌ಗೆ ಏನೂ ಇಲ್ಲ, ಆದರೆ ಫ್ಯಾನ್ ಏರೋಕೆ ಶುರುವಾಗಿರುತ್ತೆ, ಅತ್ತೆಯವರಿಗೂ ನೀರು ಕುಡಿಯೋಕೆ ಬಿಡುವು ಕೊಟ್ಟು ಸೀಲಿಂಗ್ ಫ್ಯಾನ್ ಹಾಕಿ ಕೋಣೆ ತಣ್ಣಗಾಗಲಿ. ಟರ್ಬೋ ನಿಲ್ಲಿಸಿ, ಧೂಳು ತೆಗೆದ ಮೇಲೂ ಹಾಡುವಾಗ 85 ದಾಟುತ್ತಿದ್ದರೆ ಹೀಟ್ ಸಿಂಕ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸಡಿಲ ಆಗಿರುತ್ತೆ, ಇಲ್ಲವೇ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಹೀಟ್ ಸಿಂಕಿಗೆ ಶಾಖ ದಾಟಿಸೋ ಲೇಪ) ಒಣಗಿರುತ್ತೆ. ಪಿನ್ ನೀವೇ ಒತ್ತಿ ನೋಡಬಹುದು, ಟಕ್ ಅಂತ ಕೂತರೆ ಸರಿ. ಪೇಸ್ಟ್ ಆದರೆ ಹತ್ತಿರದ ರಿಪೇರಿಯವರ ಹತ್ತಿರ ಮಾಡಿಸಿ, ಅರ್ಧ ಗಂಟೆ ಕೆಲಸ.