ಸೋಲಾರ್‌ಗೆ ಕೊಟ್ಟ ದುಡ್ಡು ಟ್ಯಾಂಕರ್ ನೀರಿಗೆ ಹೋಯಿತು. ದಾನಿಗೆ ಹೇಗೆ ಹೇಳೋದು?

ಲೆಕ್ಕದಮ್ಮ:

ಎಲ್ಲರಿಗೂ ನಮಸ್ಕಾರ. ನಾನು ವೈಟ್‌ಫೀಲ್ಡ್ ಕಡೆ ಸಿಸ್ಟರ್‌ಗಳು ನಡೆಸುವ ಒಂದು ವೃದ್ಧಾಶ್ರಮದಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹನ್ನೊಂದು ವರ್ಷ ಸಂಬಳದ ಪಟ್ಟಿ ಮಾಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ರಸೀದಿ ಬರೆಯುವುದು, ದಾನಿಗಳಿಗೆ ಫೋನ್ ಮಾಡುವುದು, ಕ್ರಿಸ್‌ಮಸ್ ಕಾರ್ಡ್ ಕಳಿಸುವುದು ಎಲ್ಲವೂ ನನ್ನ ತಲೆಗೇ ಬಂತು. ಅಜ್ಜ ಅಜ್ಜಿಯರು 46 ಜನ. ಸಿಸ್ಟರ್‌ಗಳು 6.

ವಿಷಯ ಇದು. 2023ರ ನವೆಂಬರ್‌ನಲ್ಲಿ ಒಬ್ಬರು ಬಂದರು. ಅವರ ತಾಯಿ ತೀರಿಕೊಂಡು ಎರಡು ವಾರ ಆಗಿತ್ತು. ನವೆಂಬರ್ ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ತಿಂಗಳು, ಪೂಜೆ ಹೇಳಿಸಲು ಬರುವವರು ಜಾಸ್ತಿ. ಅವರೂ ಅದಕ್ಕೇ ಬಂದವರು. ಬೆಳಿಗ್ಗೆ ಆರೂವರೆ ಇರಬೇಕು. ಹಿತ್ತಲಿನ ಸೌದೆ ಒಲೆಯಿಂದ ಒಬ್ಬ ಸಿಸ್ಟರ್ ಎರಡು ಕೈಯಲ್ಲಿ ಎರಡು ಬಕೆಟ್ ಬಿಸಿನೀರು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅದನ್ನು ನೋಡಿ ಅಲ್ಲೇ ನಿಂತರು. ಅವರ ಅಮ್ಮ ಕೊನೆಯ ದಿನಗಳಲ್ಲಿ ಬಿಸಿನೀರಿನ ಸ್ನಾನ ಬೇಕು ಅಂತ ಹಠ ಮಾಡುತ್ತಿದ್ದರಂತೆ. ಅವತ್ತೇ ₹2,40,000ಕ್ಕೆ ಚೆಕ್ ಬರೆದರು. ರಸೀದಿಯಲ್ಲಿ 'ಸೋಲಾರ್ ವಾಟರ್ ಹೀಟರ್‌ಗಾಗಿ' ಅಂತ ನನ್ನ ಕೈಯಾರೆ ಬರೆದಿದ್ದೇನೆ.

ತಾರಸಿ ಸೋರುತ್ತಿತ್ತು. ಅದನ್ನು ಸರಿ ಮಾಡಿಸಿ ಆಮೇಲೆ ಹೀಟರ್ ಕೂರಿಸೋಣ ಅಂದುಕೊಂಡೆವು. 2024ರ ಬೂದಿ ಬುಧವಾರ, ಈಸ್ಟರ್ ಮುಂಚಿನ ಉಪವಾಸ ಕಾಲ ಶುರುವಾಗುವ ದಿನ, ಫೆಬ್ರವರಿ 14ಕ್ಕೆ ಬಂತು. ಅದೇ ವಾರ ನಮ್ಮ ಬೋರ್‌ವೆಲ್ ಕೆಸರು ಉಗುಳಿತು, ಆಮೇಲೆ ಬರೀ ಗಾಳಿ. ಆ ಬೇಸಿಗೆಯ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗಾದರೆ ₹1,000, ಹತ್ತರ ಒಳಗಾದರೆ ₹1,200 ಅಂತ ದರ ಕಟ್ಟಿತು. ಆ ದರ ಪೇಪರಿನಲ್ಲಿತ್ತು. ನಮ್ಮ ಗೇಟಿಗೆ ಬಂದವನು ಒಂದು ದಿನ 1,400 ಅಂದ, ಒಂದು ದಿನ 1,800 ಅಂದ. ಹಾಸಿಗೆ ಹಿಡಿದವರೇ 14 ಜನ ಇದ್ದಾರೆ. ದಿನಾ ಬಟ್ಟೆ ಒಗೆಯಲೇಬೇಕು. ಮಳೆ ಬರುವ ಹೊತ್ತಿಗೆ 84 ಟ್ಯಾಂಕರ್ ಆಗಿತ್ತು. ಒಟ್ಟು ₹1,34,400.

ಅದೆಲ್ಲ ಆ ಚೆಕ್ಕಿನ ದುಡ್ಡಿನಿಂದಲೇ ಹೋಯಿತು. ನಾನು ಸಿಸ್ಟರ್‌ಗಳ ಮುಖ್ಯಸ್ಥೆ ಮದರ್‌ಗೆ ಒಂದು ಸಲ ಹೇಳಿದೆ, ಇದು ಸೋಲಾರ್ ದುಡ್ಡು ಅಂತ. 'ನೀರೇ ಇಲ್ಲದ ಮೇಲೆ ಬಿಸಿ ಮಾಡೋದು ಏನನ್ನು?' ಅಂದರು. ನನಗೆ ಎದುರು ಮಾತು ಸಿಗಲಿಲ್ಲ. ಉಳಿದ ₹1,05,600 ಬ್ಯಾಂಕಿನಲ್ಲಿದೆ.

ಈಗ ಅಕ್ಟೋಬರ್. ಮೊನ್ನೆ ಅವರ ಫೋನ್. ನವೆಂಬರ್ 9, ಶನಿವಾರ, ತಾಯಿಯ ವರ್ಷದ ಪೂಜೆ ನಮ್ಮ ಚಾಪೆಲ್‌ನಲ್ಲೇ ಆಗಬೇಕಂತೆ. 25 ಜನ ಬರುತ್ತಾರಂತೆ. ಸೋಲಾರ್ ಪಕ್ಕ ಅಂಟಿಸಲು ಅಮ್ಮನ ಹೆಸರು ಕೆತ್ತಿದ ಚಿಕ್ಕ ಕಲ್ಲೂ ರೆಡಿ ಇದೆಯಂತೆ. ನಾನು ಗಾಬರಿಯಲ್ಲಿ 'ಆಯ್ತು ಸರ್, ಬನ್ನಿ' ಅಂದುಬಿಟ್ಟೆ.

ನಮ್ಮ ಸಮಿತಿಯ ಒಬ್ಬರು ಹೇಳುವುದು: ಉಳಿದ ದುಡ್ಡಿಗೆ ಚಿಕ್ಕದೊಂದು ಹೀಟರ್ ಹಾಕಿಸಿ ತೋರಿಸಿಬಿಡಿ, ಅವರೇನು ಲೀಟರ್ ಅಳೆಯುತ್ತಾರಾ? ನನಗೆ ಅದು ಒಪ್ಪುತ್ತಿಲ್ಲ. ಆದರೆ ಬೇರೆ ದಾರಿಯೂ ಕಾಣುತ್ತಿಲ್ಲ.

ಇನ್ನೊಂದು ಚಿಕ್ಕ ಅನುಮಾನ. ಅವರ ಅಕ್ಕ ಕೆನಡಾದಲ್ಲಿದ್ದಾರೆ. ಅವರೂ ಒಂದು ಲಕ್ಷ ಕಳಿಸುತ್ತೇನೆ ಅಂದಿದ್ದಾರೆ. ನಮ್ಮ ಮಾಮೂಲಿ ಖಾತೆಗೆ ಹಾಕಿಸಿಕೊಳ್ಳಬಹುದಾ?

ಬೇಗೂರು ತಾತ:

ನೋಡಮ್ಮಾ, ಆ ಚಿಕ್ಕ ಹೀಟರ್ ಐಡಿಯಾ ಕೊಟ್ಟವರ ಮಾತು ಕೇಳಬೇಡ. 25 ಜನರಲ್ಲಿ ಒಬ್ಬನಾದರೂ ಪ್ಲಂಬಿಂಗ್ ಗೊತ್ತಿರುವವನು ಇದ್ದೇ ಇರುತ್ತಾನೆ. ತಾರಸಿ ಹತ್ತಿದ ಕೂಡಲೇ ಕೇಳುತ್ತಾನೆ.

ನಾನು ನಮ್ಮ ಧರ್ಮಕೇಂದ್ರದ (ಅಂದರೆ ನಮ್ಮ ಚರ್ಚಿನ), ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಇದ್ದವನು. ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ಡಿಸೆಂಬರ್‌ನಲ್ಲಿ ಒಬ್ಬ ಟೀಚರಮ್ಮ 40 ಕಂಬಳಿಗೆ ಅಂತ ದುಡ್ಡು ಕೊಟ್ಟರು. ಅದೇ ವಾರ ನಾವು ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಗಂಡಸು ಸತ್ತ. ಪೆಟ್ಟಿಗೆಗೂ ದುಡ್ಡಿರಲಿಲ್ಲ. ಕಂಬಳಿ ದುಡ್ಡು ಅಲ್ಲಿಗೆ ಹೋಯಿತು. ಒಳ್ಳೆ ಕೆಲಸಕ್ಕೇ ತಾನೇ ಹೋಗಿದ್ದು, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಈಸ್ಟರ್ ಬಂತು. ಆಗ ಬೇರೆ ಯಾರೋ ಅವರಿಗೆ ಹೇಳಿಬಿಟ್ಟಿದ್ದರು. ಟೀಚರಮ್ಮ ಜಗಳ ಆಡಲಿಲ್ಲ, ಒಂದು ಮಾತೂ ಕೇಳಲಿಲ್ಲ. ಮುಂದಿನ ತಿಂಗಳಿಂದ ಅವರ ಕಾಣಿಕೆ ಕವರ್ ಬರಲಿಲ್ಲ, ಅಷ್ಟೇ. ಪೂಜೆಗೆ ಮಾತ್ರ ಅದೇ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದರು. ನನ್ನನ್ನು ಕಂಡರೆ ನಗುನಗುತ್ತಾ ನಮಸ್ಕಾರ ಹೇಳುತ್ತಿದ್ದರು. ಬೈದಿದ್ದರೆ ನಾನು ಒಂದು ವಾರದಲ್ಲಿ ಮರೆತಿರುತ್ತಿದ್ದೆ.

ನಮ್ಮ ಧರ್ಮಸಭೆಯ ಕಾನೂನಿನಲ್ಲೇ ಇದೆ. 1983ರ ಸಂಹಿತೆಯ 1267ನೇ ವಿಧಿ ತೆಗೆದು ನೋಡು. ಭಕ್ತರು ಒಂದು ಉದ್ದೇಶಕ್ಕೆ ಅಂತ ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು. ನಿಮ್ಮ ಮದರ್‌ಗೆ ಇದು ಗೊತ್ತಿರುತ್ತದೆ. ಅಂದರೆ ಆ ₹1,34,400 ಖರ್ಚಾಗಿ ಮುಗಿದ ದುಡ್ಡಲ್ಲ. ನಿಮ್ಮ ಆಶ್ರಮ ಸೋಲಾರ್‌ನಿಂದ ಪಡೆದ ಕೈಸಾಲ ಅಂತಲೇ ತಿಳಿದುಕೋ.

ಇನ್ನು ಹೇಳುವುದು ಯಾರು ಅನ್ನುವುದು ಮುಖ್ಯ. ನೀನು ಫೋನ್ ಮಾಡಬೇಡ. ನೀನು ಮಾಡಿದರೆ ಗುಮಾಸ್ತೆ ನೆಪ ಹೇಳುತ್ತಿದ್ದಾಳೆ ಅನಿಸುತ್ತದೆ. ದುಡ್ಡು ತಿರುಗಿಸಿದ್ದು ಮದರ್, ಅವರೇ ಹೋಗಬೇಕು. ಫೋನಿನಲ್ಲಿ ಬೇಡ, ಮನೆಗೆ. ಟ್ಯಾಂಕರ್ ಬಿಲ್ಲುಗಳನ್ನು ನೀನು ಹಿಡಿದುಕೊಂಡು ಜೊತೆಗೆ ಹೋಗು. ಇವತ್ತು ನಾಳೆ ಅಂತ ದಿನ ದೂಡಬೇಡಿ. ಕಲ್ಲು ಕೆತ್ತಿಸಿ ಆಗಿದೆ, ಇನ್ನು ನೆಂಟರಿಷ್ಟರಿಗೆ ಹೇಳುವುದು ಬಾಕಿ.

ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಅವರ ವೃದ್ಧಾಶ್ರಮ ಇದೆಯಲ್ಲ, ಆ ಸಭೆಯನ್ನು ಶುರು ಮಾಡಿದ ಜಾನ್ ಜ್ಯೂಗನ್ ಫ್ರಾನ್ಸಿನಲ್ಲಿ ಬುಟ್ಟಿ ಹಿಡಿದು ಮನೆಮನೆ ಬೇಡಿದವಳು. ಒಬ್ಬ ಅವಳಿಗೆ ಹೊಡೆದನಂತೆ. ಇದು ನನಗಾಯಿತು, ಈಗ ನನ್ನ ಬಡವರಿಗೇನಾದರೂ ಕೊಡಿ ಅಂದಳಂತೆ. 2009ರಲ್ಲಿ ಅವಳನ್ನು ಸಂತಳೆಂದು ಸಾರಿದರು. ನಿಮ್ಮ ಮದರ್ ಕೂಡ ಬೈಸಿಕೊಳ್ಳಲು ತಯಾರಾಗಿ ಹೋಗಲಿ. ಆದರೆ ಅವತ್ತೇ ಮತ್ತೆ ದುಡ್ಡು ಕೇಳುವುದು ಮಾತ್ರ ಬೇಡ. ಅದಕ್ಕೆ ಜಾನ್ ಜ್ಯೂಗನ್ನೇ ಬೇಕು.

ಫುಟ್‌ಪಾತ್ ಪಂಡಿತ:

ಬೆಂಗಳೂರಿನ ನಡುಮಧ್ಯೆ ಚರ್ಚಿನವರಿಗೆ ಅಷ್ಟೊಂದು ಜಾಗ ಇದೆ. ಒಂದು ಮೂಲೆ ಮಾರಿದರೆ ನೂರು ಸೋಲಾರ್ ಬರುತ್ತೆ. ಸುಮ್ನೆ ಜನರ ಹತ್ತಿರ ಯಾಕೆ ಕೈ ಚಾಚೋದು?

ಲೆಕ್ಕದಮ್ಮ:

ಪಂಡಿತರೇ, ಇದನ್ನು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಬಿಷಪ್ಪರ ಧರ್ಮಪ್ರಾಂತ್ಯದ ಲೆಕ್ಕ ಬೇರೆ, ಒಂದೊಂದು ಸಿಸ್ಟರ್‌ಗಳ ಸಭೆಯ ಲೆಕ್ಕ ಬೇರೆ. ಬೇರೆ ರಿಜಿಸ್ಟ್ರೇಷನ್, ಬೇರೆ ಪ್ಯಾನ್, ಬೇರೆ ಆಡಿಟ್. ಪಕ್ಕದ ಚರ್ಚಿನ ಕಾಣಿಕೆ ಡಬ್ಬಿಯಿಂದ ನಮಗೆ ತಾನಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಜಾಗ ಮಾರಲು ಮೇಲಿನವರ ಒಪ್ಪಿಗೆ ಬೇಕು, ಮೊತ್ತ ದೊಡ್ಡದಾದರೆ ರೋಮ್‌ವರೆಗೂ ಕೇಳಬೇಕು. ನಾನು ಕೂರುವ ಆಫೀಸಿನ ಫ್ಯಾನ್ ಎರಡು ತಿಂಗಳಿಂದ ಕೆಟ್ಟಿದೆ. ಬಂದು ನೋಡಿ ಬೇಕಾದರೆ.

ಜಯನಗರದ ಆಡಿಟ್ ಹುಡುಗಿ:

ಅಕ್ಕ, ತಾತ ಹೇಳಿದ್ದಕ್ಕೆ ಲೆಕ್ಕದ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ನಾನು ಆಡಿಟರ್ ಆಫೀಸಿನಲ್ಲಿ ಟ್ರಸ್ಟ್‌ಗಳದ್ದೇ ನೋಡುವುದು.

ಆ ಚೆಕ್ 2023-24ರದ್ದು. ಅಂದರೆ 2024ರ ಮೇ 31ರೊಳಗೆ ನೀವು 10ಬಿಡಿ (ತೆರಿಗೆ ಇಲಾಖೆಗೆ ಕೊಡುವ ದಾನಗಳ ಪಟ್ಟಿ) ಹಾಕಿರುತ್ತೀರಿ, ಅವರಿಗೆ 10ಬಿಇ ಅನ್ನುವ ದಾನದ ಸರ್ಟಿಫಿಕೇಟ್ ಕೊಟ್ಟಿರುತ್ತೀರಿ. 10ಬಿಡಿಯಲ್ಲಿ ದಾನ ಯಾವ ಬಗೆಯದು ಅಂತ ಒಂದು ಕಾಲಂ ಇದೆ, ನೆನಪಿದೆಯಾ? ಕಾರ್ಪಸ್ (ಮೂಲನಿಧಿಗೆ), ಸ್ಪೆಸಿಫಿಕ್ ಗ್ರಾಂಟ್ (ಇಂಥದ್ದೇ ಉದ್ದೇಶಕ್ಕೆ), ಅದರ್ಸ್ (ಇತರೆ). ಅಲ್ಲಿ ಏನು ಹಾಕಿದ್ದೀರಿ ನೋಡಿ. ಸ್ಪೆಸಿಫಿಕ್ ಅಂತ ಹಾಕಿದ್ದರೆ ನಿಮ್ಮ ರಸೀದಿ ಜೊತೆಗೆ ನಿಮ್ಮದೇ ಸ್ಟೇಟ್‌ಮೆಂಟೂ ಅದು ಸೋಲಾರ್ ದುಡ್ಡು ಅಂತ ಸಾಕ್ಷಿ ಹೇಳುತ್ತದೆ.

ಈಗ ಪುಸ್ತಕದಲ್ಲಿ ಸೋಲಾರ್ ನಿಧಿ ಅಂತ ಬೇರೆ ಲೆಡ್ಜರ್ ತೆರೆಯಿರಿ. ಅದರಲ್ಲಿ ಪೂರ್ತಿ ₹2,40,000 ಕಾಣಬೇಕು. ₹1,34,400 ಸಾಮಾನ್ಯ ನಿಧಿಯಿಂದ ಬರಬೇಕಾದ ಬಾಕಿ ಅಂತ ತೋರಿಸಿ. ಸಮಿತಿಯಲ್ಲಿ ಒಂದು ನಿರ್ಣಯ ಬರೆಸಿ. ತಿಂಗಳಿಗೆ ₹15,000 ಹಾಕಿದರೆ ಒಂಬತ್ತು ತಿಂಗಳಲ್ಲಿ ತೀರುತ್ತದೆ. ಆ ನಿರ್ಣಯದ ಕಾಪಿ ಮದರ್ ಕೈಯಲ್ಲಿ ಇದ್ದರೆ ಅವರ ಮನೆಯಲ್ಲಿ ಮಾತಾಡುವುದು ಎಷ್ಟೋ ಸುಲಭ. ಬರೀ ಕ್ಷಮಿಸಿ ಅನ್ನುವುದಕ್ಕೂ ಇಷ್ಟನೇ ತಾರೀಖಿಗೆ ಇಷ್ಟು ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕೆನಡಾ ಅಕ್ಕನ ವಿಷಯ. ಯಾವ ದೇಶದಲ್ಲಿದ್ದಾರೆ ಅನ್ನುವುದಲ್ಲ, ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಅನ್ನುವುದು ಪ್ರಶ್ನೆ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ನಿಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ರಿಜಿಸ್ಟ್ರೇಷನ್ ಇರಬೇಕು. ಇದ್ದರೂ 2020ರ ತಿದ್ದುಪಡಿ ಬಂದ ಮೇಲೆ ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಇಳಿಯಬೇಕು. ತಮ್ಮನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸೋಣ ಅಂತ ಯಾರಾದರೂ ಜಾಣತನ ಹೇಳಿದರೆ ಕಿವಿ ಮುಚ್ಚಿಕೊಳ್ಳಿ. ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿಗೇ 2021ರ ಕ್ರಿಸ್‌ಮಸ್ ದಿನ ಈ ರಿಜಿಸ್ಟ್ರೇಷನ್ ನವೀಕರಣ ತಿರಸ್ಕಾರ ಆಗಿತ್ತು. ಮತ್ತೆ ಸಿಕ್ಕಿದ್ದು 2022ರ ಜನವರಿಯಲ್ಲಿ. ನಮ್ಮಂಥ ಚಿಕ್ಕವರ ಪಾಡು ಏನು?

ಮರೆತಿದ್ದೆ. 9ನೇ ತಾರೀಖಿನ ಪೂಜೆಗೆ ಅವರು ಕೊಡುವ ಕಾಣಿಕೆಯನ್ನು ಟ್ರಸ್ಟಿನ 80ಜಿ (ದಾನಿಗೆ ತೆರಿಗೆ ವಿನಾಯಿತಿ ಸಿಗುವ) ರಸೀದಿ ಪುಸ್ತಕದಲ್ಲಿ ಬರೆಯಬೇಡಿ. ಅದು ಪೂಜೆ ಮಾಡುವ ಫಾದರ್‌ಗೆ ಸೇರಿದ್ದು. ಈ ತಪ್ಪನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಸುಮ್ನೆ ಓದುವವ:

ನಾನು ಕೊಡುವ ಕಡೆಯವನು. ಸಾಮಾನ್ಯವಾಗಿ ಇಲ್ಲಿ ಬರೆಯುವುದಿಲ್ಲ.

ಒಂದು ಸಂಸ್ಥೆಗೆ ನಾನು, ನನ್ನ ಹೆಂಡತಿ ಹನ್ನೆರಡು ವರ್ಷ ತಿಂಗಳಿಗೆ ₹500 ಕೊಟ್ಟೆವು. ಅವಳು ಹೋದ ಮೇಲೂ ಅವಳ ಹೆಸರಿಗೇ ಕಾರ್ಡ್ ಬರುತ್ತಿತ್ತು. 'ನಿಮಗೂ ನಿಮ್ಮ ಕುಟುಂಬಕ್ಕೂ ಹಬ್ಬದ ಶುಭಾಶಯ.' ಮೂರು ಸಲ ಫೋನ್ ಮಾಡಿ ಹೇಳಿದೆ. ಮೂರೂ ಸಲ 'ಅಪ್‌ಡೇಟ್ ಮಾಡ್ತೀವಿ ಸರ್' ಅಂದರು. ನಾಲ್ಕನೇ ಕಾರ್ಡ್ ಬಂದ ತಿಂಗಳು ಬ್ಯಾಂಕಿಗೆ ಹೋಗಿ ನಿಲ್ಲಿಸಿದೆ. ಐನೂರು ರೂಪಾಯಿ ನನಗೆ ಭಾರ ಆಗಿರಲಿಲ್ಲ.

ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ, ವಚನ ಕಳಿಸುವುದನ್ನು ದಯವಿಟ್ಟು ಬಿಡಿ. ನಾನು ಅವನ್ನು ಓದುವುದೇ ಇಲ್ಲ. ಮಾರ್ಚ್‌ನಲ್ಲಿ ಯಾರಾದರೂ ಒಂದು ಟ್ಯಾಂಕರ್ ಬಿಲ್ಲಿನ ಫೋಟೋ ತೆಗೆದು 'ಸರ್, ಹೀಗಾಗಿದೆ, ಏನು ಮಾಡೋಣ?' ಅಂತ ಕೇಳಿದ್ದರೆ ನಾನಾಗಿದ್ದರೆ ಟ್ಯಾಂಕರಿಗೇ ಹಾಕಿ ಅನ್ನುತ್ತಿದ್ದೆ. ಅವರು ಏನು ಅನ್ನುತ್ತಿದ್ದರೋ. ಆದರೆ ಕೇಳಬೇಕಿತ್ತು, ಅಲ್ವಾ?

ಲೆಕ್ಕದಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಎಂಟು ದಿನ ಆಯಿತು, ಆಗಿದ್ದನ್ನು ಬರೆಯುತ್ತಿದ್ದೇನೆ.

ತಾತ ಬರೆದಿದ್ದನ್ನು ಪ್ರಿಂಟ್ ತೆಗೆದು ಮದರ್ ಮೇಜಿನ ಮೇಲೆ ಇಟ್ಟೆ. ಏನೂ ಹೇಳಲಿಲ್ಲ. ಸಂಜೆ ಕರೆದು 'ನಾಳೆ ಎಷ್ಟು ಹೊತ್ತಿಗೆ ಬಸ್ಸು?' ಅಂತ ಕೇಳಿದರು.

ಹೋದೆವು. ಮದರ್ ಪೀಠಿಕೆ ಹಾಕಲಿಲ್ಲ, ಕೂತ ಕೂಡಲೇ ಹೇಳಿದರು. ಆ ಸರ್ ಬಹಳ ಹೊತ್ತು ಬಿಲ್ಲುಗಳನ್ನೇ ತಿರುವುತ್ತಿದ್ದರು, 84ನ್ನೂ. ಒಂದರ ಮೇಲೆ ಬೆರಳಿಟ್ಟು 'ಸರ್ಕಾರ ಸಾವಿರ ಅಂದಾಗ ನೀವು 1,800 ಯಾಕೆ ಕೊಟ್ಟಿರಿ?' ಅಂದರು. ನಾನು ಅವತ್ತಿನ ಕಥೆ ಹೇಳಿದೆ, ಟ್ಯಾಂಕರಿನವನು ಗೇಟಿನಿಂದಲೇ ವಾಪಸ್ ತಿರುಗಿಸಿದ್ದು, ಅಡಿಗೆಯವಳು ಹಿಂದೆ ಓಡಿದ್ದು. ಅವರ ಮನೆಯವರು ಕಾಫಿ ತಂದಿಟ್ಟರು. ಅವರು ಮುಟ್ಟಲಿಲ್ಲ. 'ಮಾರ್ಚ್‌ನಲ್ಲೇ ಒಂದು ಫೋನ್ ಮಾಡಬಹುದಿತ್ತಲ್ಲ ಮದರ್' ಅಂದರು. ಮದರ್ 'ಹೌದು, ಮಾಡಬೇಕಿತ್ತು' ಅಂದರು. ನಾನು ನಡುವೆ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಮದರ್ ನನ್ನ ಮೊಣಕೈ ಹಿಡಿದರು.

ಪೂಜೆಯನ್ನು ಅವರ ಧರ್ಮಕೇಂದ್ರದಲ್ಲೇ ಮಾಡಿಸುತ್ತಾರಂತೆ. 25 ಜನ ಬರುವುದಿಲ್ಲ. ಆಡಿಟ್ ಹುಡುಗಿ ಹೇಳಿದ ನಿರ್ಣಯದ ಕಾಪಿ ಕೊಟ್ಟೆ. ಓದಿ, ಮಡಚಿ, ಅಂಗಿ ಜೇಬಿಗೆ ಹಾಕಿಕೊಂಡರು. ಮೊದಲ ₹15,000 ಒಂದನೇ ತಾರೀಖು ಹಾಕಬೇಕು.

ಅಕ್ಕನಿಗೆ ನಾನೇ ಫೋನ್ ಮಾಡಿ ಪಾಸ್‌ಪೋರ್ಟ್ ಕೇಳಿದೆ. ಅವರು ಕೆನಡಾದವರಾಗಿ ಒಂಬತ್ತು ವರ್ಷ ಆಯಿತಂತೆ. ನಮಗೆ ಎಫ್‌ಸಿಆರ್‌ಎ ಇಲ್ಲ, ಬೇಡ ಅಂದೆ. 'ನಮ್ಮಮ್ಮನ ಹೆಸರಲ್ಲಿ ಕೊಡೋಕೆ ನನಗೆ ಪಾಸ್‌ಪೋರ್ಟ್ ಬೇಕಾ?' ಅಂತ ಬೇಜಾರು ಮಾಡಿಕೊಂಡರು. ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ ನನಗೆ.

ಸುಮ್ನೆ ಓದುವವರೇ, ನಿಮ್ಮದನ್ನು ಓದಿದ ರಾತ್ರಿ ನಮ್ಮ ಪಟ್ಟಿ ತೆಗೆದು ಕೂತೆ. ತೀರಿಕೊಂಡವರ ಹೆಸರು ಏಳು ಸಿಕ್ಕವು. ಏಳು ಜನಕ್ಕೂ ಕಳೆದ ಡಿಸೆಂಬರ್‌ನಲ್ಲಿ ಕಾರ್ಡ್ ಹೋಗಿದೆ. ಅವರ ಮನೆಗಳಿಗೆ ಫೋನ್ ಮಾಡುತ್ತಿದ್ದೇನೆ, ನಾಲ್ಕು ಆಗಿದೆ.

ನಿನ್ನೆ ಸಂಜೆ ಆ ಸರ್ ಫೋನ್ ಬಂತು. ದುಡ್ಡಿನ ಮಾತಿಲ್ಲ, ಪೂಜೆಯ ಮಾತಿಲ್ಲ. ತಾರಸಿ ಸೋರುವುದು ನಿಂತಿದೆಯಾ ಅಂತ ಕೇಳಿದರು. ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿ ಇರಬೇಕಂತೆ, ನಮ್ಮದು ಎಷ್ಟು ಎತ್ತರ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಅವರಿಗೆ ಗೊತ್ತಿರುವ ಪ್ಲಂಬರ್ ಶನಿವಾರ ಬರುತ್ತಾನಂತೆ. ಅಷ್ಟರೊಳಗೆ ಅಳತೆ ತೆಗೆದಿಡಬೇಕು. ನಮ್ಮ ಏಣಿಯ ಒಂದು ಮೆಟ್ಟಿಲು ಮುರಿದಿದೆ, ಪಕ್ಕದ ಮನೆಯವರದ್ದು ಕೇಳಿದ್ದೇನೆ.